ಬಾಳೆನಾರಿನಲ್ಲಿ ಕಟ್ಟಿದ ಕತ್ತರಿ

ಶೇಖವ್ವನಿಗೆ ಅನುಮಾನವೆಂಬುದು ಹುಟ್ಟುಗುಣ. ತರಕಾರಿಯವನು ತಕ್ಕಡಿ ಎತ್ತಿದರೆ ಅವಳ ಕಣ್ಣು ಮೊದಲು ಹೋಗುವುದು ಅವನ ಹೆಬ್ಬೆರಳಿನ ಮೇಲೆ. ಬಸ್ಸಿನಲ್ಲಿ ಪಕ್ಕದವರು ನಿದ್ದೆಗಣ್ಣಲ್ಲಿ ಮೈಮೇಲೆ ವಾಲಿದರೆ ಇವಳ ಕೈ ಸೊಂಟದ ಚೀಲಕ್ಕೆ ಹೋಗುತ್ತದೆ. ಗಂಡ ಯಂಕಪ್ಪ ತನ್ನಷ್ಟಕ್ಕೆ ತಾನು ನಕ್ಕರೂ ಯಾಕೆ ನಕ್ಕ ಎಂದು ಗೊತ್ತಾಗುವ ತನಕ ಅವಳಿಗೆ ತುತ್ತು ಇಳಿಯದು. ಅಂಥವಳ ತಳ್ಳುಗಾಡಿಗೆ, ಅದೂ ದೀಪಾವಳಿ ಅಮಾವಾಸ್ಯೆ ಕಳೆದ ಮಾರನೆಯ ದಿನ, ಯಾರೋ ಒಂದು ಕತ್ತರಿ ಕಟ್ಟಿ ಹೋದರೆ ಏನಾಗಬೇಕೋ ಅದೇ ಆಯಿತು.

ಗಾಡಿ ನಿಲ್ಲುತ್ತಿದ್ದದ್ದು ರಾಜಗೋಪಾಲನಗರದ ಮುಖ್ಯರಸ್ತೆಯಲ್ಲಿ, ಚಿಕ್ಕಬೈರಪ್ಪನವರ ಕಟ್ಟಡದ ಮುಂದೆ, ಹೊಂಗೆ ಮರದ ಕೆಳಗೆ. ಜಾಗವೆಂದರೆ ಅದು ಜಾಗ. ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಬಿಟ್ಟರೆ ಲೇತ್ ಹುಡುಗರು, ಗಾರ್ಮೆಂಟ್ಸ್ ಹೆಂಗಸರು, ಪ್ಯಾಕಿಂಗ್ ಹುಡುಗಿಯರು ಎಲ್ಲರೂ ಆ ಮರವನ್ನು ಹಾದೇ ಮನೆ ಸೇರಬೇಕು. ಮಳೆ ಬಂದರೆ ಮೇಲೆ ಕಟ್ಟಡದ ಸಜ್ಜಾ ಇದೆ, ಹೊತ್ತು ಮುಳುಗಿದರೆ ಪಕ್ಕದ ಮೊಬೈಲ್ ಅಂಗಡಿಯ ಬೆಳಕಿದೆ. ಆ ಜಾಗ ಸಿಗುವ ಮುಂಚೆ ಶೇಖವ್ವ ಬೀದಿ ಬೀದಿ ಗಾಡಿ ತಳ್ಳಿ, ಕಂಡಕಂಡವರ ಕೈಲಿ ಬೈಸಿಕೊಂಡು ಸಾಕಾಗಿದ್ದಳು. ಚಿಕ್ಕಬೈರಪ್ಪನವರು ಅಲ್ಲೆಲ್ಲ ರಾಗಿ ಹೊಲವಿದ್ದ ಕಾಲದಿಂದ ಇದ್ದವರು. ಅವರು ನಿಂತ್ಕೊ ಹೋಗಮ್ಮ ಎಂದ ಮೇಲೆ ಬೇರೆ ಯಾರೂ ಗಾಡಿ ಎತ್ತು ಅನ್ನುವಂತಿರಲಿಲ್ಲ. ಅವರೇ ಎತ್ತು ಎಂದರೆ ಮಾತ್ರ ಕೇಳುವವರಿರಲಿಲ್ಲ. ಶೇಖವ್ವನಿಗೆ ಇದ್ದ ಭಯ ಅದೊಂದೇ. ಉಳಿದದ್ದೆಲ್ಲ ಹೋದರೂ ಹೋಗಲಿ, ಈ ಜಾಗ ಹೋಗಬಾರದು.

ಗಂಡಹೆಂಡಿರು ಬಾಗಲಕೋಟೆ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಬಂದು, ಯಂಕಪ್ಪನ ಮೊಣಕಾಲು ಸೋತ ಮೇಲೆ ಅವನು ಒಂದು ಶೆಡ್ಡಿಗೆ ವಾಚ್‌ಮನ್ ಆದ, ಅವಳು ಬಾಣಲೆ ಹಿಡಿದಳು. ಮೊದಮೊದಲು ತಮ್ಮೂರಿನ ಮಿರ್ಚಿ ಭಜಿಯನ್ನೇ ಕರಿಯುತ್ತಿದ್ದಳು. ಒಂದು ದಿನ ಮೆಣಸಿನಕಾಯಿ ಸರಿಯಾದದ್ದು ಸಿಗದೆ, ಬುಟ್ಟಿಯಲ್ಲಿದ್ದ ನೇಂದ್ರ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು. ಮಾರನೆಯ ದಿನ ಜನ ಅದನ್ನೇ ಕೇಳಿಕೊಂಡು ಬಂದರು. ಆಮೇಲೆ ಮೆಣಸಿನಕಾಯಿ ಸಿಕ್ಕಿದರೂ ಯಾರಿಗೂ ಬೇಡವಾಯಿತು.

ಆ ಬಜ್ಜಿಯ ಗಮ್ಮತ್ತಿದ್ದದ್ದು ಅದರ ಗರಿಗರಿಯಲ್ಲಿ. ಬೇರೆಯವರ ಬಾಳೆಹಣ್ಣಿನ ಬಜ್ಜಿ ಪೊಟ್ಟಣ ಕಟ್ಟಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ಒದ್ದೆ ಬಟ್ಟೆಯಾಗುತ್ತದೆ. ಶೇಖವ್ವನದು ಮನೆಗೆ ಹೋಗಿ, ಕೈಕಾಲು ತೊಳೆದು, ಕಾಫಿ ಕಾಸಿ ಕೂತ ಮೇಲೂ ಹಲ್ಲಿಗೆ ಸಿಕ್ಕರೆ ಕರುಂ ಅನ್ನುತ್ತದೆ. ಅದಕ್ಕೊಂದು ಗುಟ್ಟಿತ್ತು. ಹಿಟ್ಟು ಕಲಸುವಾಗ ಅವಳು ರಸ್ತೆಗೆ ಬೆನ್ನು ಹಾಕಿ, ಸೆರಗನ್ನು ಅಡ್ಡ ಹಿಡಿದು, ಒಂದು ಸಣ್ಣ ಚಂಬಿನಿಂದ ಏನನ್ನೋ ಬಗ್ಗಿಸಿ ಚಂಬನ್ನು ಗಾಡಿಯ ಕೆಳಗಿನ ಖಾನೆಗೆ ತಳ್ಳಿಬಿಡುತ್ತಿದ್ದಳು. ಏನಕ್ಕಾ ಅದು ಎಂದು ಯಾರಾದರೂ ಕೇಳಿದರೆ ನೀರು ಎನ್ನುವಳು. ನೀರಿಗೆ ಸೆರಗು ಯಾಕೆ ಎಂದು ಜನ ಕೇಳಲಿಲ್ಲ, ತಮ್ಮೊಳಗೇ ಅಂದುಕೊಂಡರು. ಗುಟ್ಟು ಕಾಪಾಡುವ ಭರದಲ್ಲಿ ತಾನೇ ಊರಿನ ಬಾಯಿಗೆ ಅವಲಕ್ಕಿ ಹಾಕುತ್ತಿದ್ದೇನೆ ಎಂದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ.

ಇನ್ನೊಂದು ಮಾತಿದೆ. ಶೇಖವ್ವ ಕೊಳಕು ಹೆಂಗಸಲ್ಲ. ಸ್ನಾನ ಮಾಡದೆ ಹಿಟ್ಟು ಮುಟ್ಟುವುದಿಲ್ಲ, ನಿನ್ನೆಯ ಎಣ್ಣೆಯನ್ನು ಇಂದಿನ ಬಾಣಲೆಗೆ ಸುರಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎಣ್ಣೆಯ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿಯುವವರನ್ನು ಕಂಡರೆ ಅವಳಿಗೆ ವಾಕರಿಕೆ. ಎಂಜಲು ಮಾಡಿದ ಎಣ್ಣೆಯಲ್ಲಿ ಕರಿದದ್ದನ್ನು ಮಂದಿಗೆ ತಿನ್ನಿಸಿದರೆ ಅನ್ನಪೂರ್ಣೆ ಮೆಚ್ಚುವಳೇ ಎಂದು ಅವಳ ವಾದ. ಮೂಲೆಯ ಟೀ ಅಂಗಡಿಯವನು ಹಾಗೆ ಕಚ್ಚುವುದನ್ನು ಕಂಡ ದಿನದಿಂದ ಅವಳು ಅಲ್ಲಿ ಟೀ ಕುಡಿಯುವುದನ್ನೂ ಬಿಟ್ಟಿದ್ದಳು.

ಸರಿ, ಕತ್ತರಿಯ ಸಂಗತಿ. ಅಂದು ಮಧ್ಯಾಹ್ನ ಗಂಡಹೆಂಡಿರು ಬಂದು ಮರಕ್ಕೆ ಹಾಕಿದ್ದ ಸರಪಳಿ ಬಿಚ್ಚಿ, ಗಾಡಿಯ ಮೇಲಿನ ತಾಡಪಾಲು ಎಳೆದಾಗ, ಬಾಣಲೆಯ ಪಕ್ಕದ ಕಂಬಿಯಲ್ಲಿ ಅದು ನೇತಾಡುತ್ತಿತ್ತು. ಹಳೆಯ ಕತ್ತರಿ, ಆದರೆ ಚೆನ್ನಾಗಿ ಸಾಣೆ ಹಿಡಿಸಿದ್ದು. ಎರಡು ಅಲಗು ಕೂಡುವ ಮೊಳೆಯ ಹತ್ತಿರ ಕುಂಕುಮದ ಕಲೆ. ಬಾಳೆನಾರಿನಲ್ಲಿ ಬಿಗಿಯಾಗಿ ಗಂಟು ಹಾಕಿತ್ತು.

ಯಂಕಪ್ಪನಿಗೆ ಖುಷಿಯಾಯಿತು. ಯಾರೋ ಮರೆತು ಹೋಗಿದ್ದಾರೆ, ಮನೆಗೆ ಆಗುತ್ತದೆ ಎನ್ನುತ್ತ ಗಂಟು ಬಿಚ್ಚಿ ಅವಳತ್ತ ಚಾಚಿದ. ಶೇಖವ್ವ ಬೆಂಕಿ ಕಂಡವಳಂತೆ ಹಿಂದೆ ಸರಿದಳು.

"ಕೈಗೆ ಕೊಡಬ್ಯಾಡ, ಕೆಳಗಿಡು. ಕತ್ತರಿ ಕೈಯಿಂದ ಕೈಗೆ ಕೊಟ್ರ ಜಗಳ ಹತ್ತತೈತಿ, ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ಯಂಕಪ್ಪ ಕೆಳಗಿಟ್ಟ. ಜಗಳ ಹೇಗೂ ಹತ್ತಿಯೇ ಬಿಟ್ಟಿತು, ಆ ಮಾತು ಬೇರೆ. ಅಮಾವಾಸ್ಯೆಯ ಮಾರನೆಯ ದಿನ ಕುಂಕುಮ ಹಚ್ಚಿದ ಕತ್ತರಿಯನ್ನು ಯಾರಾದರೂ ಮರೆತು ಗಂಟು ಹಾಕುತ್ತಾರೆಯೇ ಎಂದು ಅವಳು ಕೇಳಿದಳು. ಕತ್ತರಿ ಕಟ್ಟಿದರೆ ವ್ಯಾಪಾರ ಕತ್ತರಿಸಿ ಹೋಗುತ್ತದೆ ಎಂದು ಅವಳ ಊರಲ್ಲಿ ಯಾರೂ ಹೇಳಿರಲಿಲ್ಲ, ಇಲ್ಲಿಯೂ ಯಾರೂ ಹೇಳಿರಲಿಲ್ಲ. ಅವಳಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಕತ್ತರಿಯನ್ನು ಹಳೆ ಪೇಪರಿನಲ್ಲಿ ಹಿಡಿದೆತ್ತಿ ಮೋರಿಗೆ ಎಸೆದು, ಗಾಡಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಆಮೇಲೆಯೇ ಒಲೆ ಹಚ್ಚಿದಳು. ಆದರೆ ಕತ್ತರಿ ಹೋದರೂ ಬಾಳೆನಾರು ಅವಳ ತಲೆಯಲ್ಲಿ ಉಳಿಯಿತು.

ಯಾಕೆಂದರೆ ಆ ರಸ್ತೆಯಲ್ಲಿ ಈಗಲೂ ಬಾಳೆನಾರಿನಲ್ಲಿ ಹೂ ಕಟ್ಟುವವಳು ಒಬ್ಬಳೇ, ಎದುರು ಬದಿಯ ಅಶ್ವತ್ಥಮ್ಮ. ಉಳಿದವರೆಲ್ಲ ದಾರಕ್ಕೆ ಇಳಿದು ಎಷ್ಟೋ ವರ್ಷವಾಗಿತ್ತು. ಅಶ್ವತ್ಥಮ್ಮ ಆ ಊರಿನ ಮೂಲದ ಒಕ್ಕಲು ಮನೆಯವಳು, ಚಿಕ್ಕಬೈರಪ್ಪನವರಿಗೆ ವರಸೆಯಲ್ಲಿ ಅತ್ತಿಗೆ. ಬಾಡಿಗೆ ಬರುವ ಮನೆಗಳಿದ್ದರೂ ಅತ್ತೆಯ ಕಾಲದ ಹೂವಿನ ಬುಟ್ಟಿಯನ್ನು ಬಿಡಲಾರದೆ ದಿನಾ ಮಧ್ಯಾಹ್ನ ಬಂದು ದೊಡ್ಡ ಛತ್ರಿಯ ಕೆಳಗೆ ಕೂರುತ್ತಿದ್ದಳು. ಮಾತು ಕಡಿಮೆ, ಮುಖ ಗಂಟು. ಗಣೇಶನ ಹಬ್ಬದ ಹಿಂದುಮುಂದಿನಲ್ಲಿ ಒಮ್ಮೆ ಬಂದು, ನಿನ್ನ ಎಣ್ಣೆ ಹೊಗೆಗೆ ನನ್ನ ಮಲ್ಲಿಗೆ ಮೊಗ್ಗೆಲ್ಲ ಕೆಂಪಾಗುತ್ತಿದೆ, ಒಲೆಯನ್ನು ಆ ಕಡೆಗೆ ತಿರುಗಿಸು ಎಂದಿದ್ದಳು. ಶೇಖವ್ವ ಸುಮ್ಮನಿರುವವಳೇ? ಗಾಳಿಗೆ ಹೇಳಿಕೋ ಎಂದಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ರಸ್ತೆಯ ಆ ಕಡೆಗೊಬ್ಬಳು, ಈ ಕಡೆಗೊಬ್ಬಳು, ನಡುವೆ ಆಟೋ, ಟೆಂಪೋ, ಬಸ್ಸು.

ಈಗ ಎಲ್ಲವೂ ಶೇಖವ್ವನಿಗೆ ಸ್ಪಷ್ಟವಾಯಿತು. ಇವಳನ್ನು ಎಬ್ಬಿಸಿ, ನೆರಳಿರುವ ಈ ಜಾಗಕ್ಕೆ ಆ ಹೂವಿನವಳು ತಾನು ಬರಬೇಕು. ಮೈದುನನಿಗೆ ನೇರವಾಗಿ ಹೇಳಿದರೆ ಕೆಟ್ಟವಳಾಗುತ್ತಾಳೆ, ಅದಕ್ಕೇ ಅಮಾವಾಸ್ಯೆ ನೋಡಿ ಕತ್ತರಿ ಕಟ್ಟಿದ್ದಾಳೆ. ಆಯುಧಪೂಜೆಯಲ್ಲಿ ತಾನು ಹಚ್ಚಿದ ಕುಂಕುಮ ತನ್ನದೇ ಜಾಲರಿ ಸೌಟಿನ ಹಿಡಿಯ ಮೇಲೆ ಇನ್ನೂ ಅಂಟಿಕೊಂಡಿದ್ದುದು, ಗಾಡಿಯ ಚಕ್ರಕ್ಕೂ ಅಂಟಿಕೊಂಡಿದ್ದುದು ಅವಳ ಕಣ್ಣಿಗೆ ಬೀಳಲಿಲ್ಲ. ಅನುಮಾನ ಬಂದ ಕಣ್ಣಿಗೆ ತನ್ನ ಮನೆಯ ಕುಂಕುಮ ಕುಂಕುಮ, ಪಕ್ಕದ ಮನೆಯದು ಮಾಟ.

ವ್ಯಾಪಾರ ನಿಜಕ್ಕೂ ಇಳಿಯತೊಡಗಿತು. ಮೊದಲು ಪ್ಯಾಕಿಂಗ್ ಹುಡುಗಿಯರ ಗುಂಪು ನಿಂತಿತು. ಆ ಗುಂಪಿಗೆ ಪ್ರಿಯಾಂಕಾ ಎಂಬ ಹುಡುಗಿಯೇ ಮುಂದಾಳು. ಬಾಟಲಿಯ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಕೆಲಸ, ದಿನಾ ತಪ್ಪದೆ ಬಜ್ಜಿ ಕಟ್ಟಿಸಿಕೊಂಡು ಹೋಗುತ್ತಿದ್ದವಳು. ಈಗ ಗಾಡಿಯ ಹತ್ತಿರ ಬರುತ್ತಲೇ ಫೋನು ಕಿವಿಗಿಟ್ಟುಕೊಂಡು ಆ ಬದಿಗೆ ದಾಟುತ್ತಾಳೆ. ದಾಟಿದವಳು ಹೋಗುವುದೆಲ್ಲಿಗೆ? ಅಶ್ವತ್ಥಮ್ಮನ ಬುಟ್ಟಿಯ ಹತ್ತಿರ ನಿಂತು ಮೊಳ ಹೂ ಕೊಳ್ಳುತ್ತಾಳೆ. ಅಲ್ಲಿ ಇಬ್ಬರೂ ತಲೆ ಹತ್ತಿರ ಮಾಡಿ ಏನೋ ಆಡಿಕೊಳ್ಳುವುದನ್ನು ಶೇಖವ್ವ ಬಜ್ಜಿ ಸೀಯುವವರೆಗೂ ನೋಡಿದಳು. ಆಮೇಲೆ ಲೇತ್ ಹುಡುಗರು ಕಡಿಮೆಯಾದರು. ಬಂದ ಒಬ್ಬಿಬ್ಬರೂ ಬಜ್ಜಿಯನ್ನು ಮುರಿದು, ಮೂಸಿ, ಬೆಳಕಿಗೆ ಹಿಡಿದು ನೋಡಿ ತಿನ್ನುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಯಂಕಪ್ಪನನ್ನು ಹಿಡಿದು, ನಮ್ಮ ಚಂಬಿನ ಗುಟ್ಟು ಟೀ ಅಂಗಡಿಯಲ್ಲಿ ಬಾಯಿಬಿಟ್ಟಿದ್ದೀಯಾ ಎಂದು ಜಾಡಿಸಿದಳು. ಅವನು ದೇವರ ಮೇಲೆ ಆಣೆ ಇಟ್ಟ ಮೇಲೂ ಎರಡು ದಿನ ಅವನ ಕಡೆಗೊಂದು ಕಣ್ಣಿಟ್ಟಿದ್ದಳು.

ಹೀಗಿರುವಾಗ ಚಿಕ್ಕಬೈರಪ್ಪನವರೇ ಒಂದು ಸಂಜೆ ಮೆಟ್ಟಿಲಿಳಿದು ಬಂದರು. ಸುತ್ತಮುತ್ತ ನೋಡಿ, ಗಾಡಿಗೆ ಒರಗಿ, ದನಿ ತಗ್ಗಿಸಿದರು.

"ನೋಡಮ್ಮ, ನೀನು ಎಣ್ಣೆಗೆ ಪ್ಲಾಸ್ಟಿಕ್ ಕವರ್ ಕರಗಿಸಿ ಆಕ್ತೀಯ, ಅದಕ್ಕೇ ಬಜ್ಜಿ ಅಂಗೆ ಗರಿಗರಿ ಇರ್ತದೆ ಅಂತ ಜನ ಆಡ್ಕಂತಾವ್ರೆ. ಮೇಲಿನ ಬಾಡಿಗೆ ಮನೆಯೋರೂ ಅದನ್ನೇ ಅಂತಾರೆ. ನಾಳೆ ಯಾರಿಗಾದ್ರೂ ಒಟ್ಟೆ ಕೆಟ್ರೆ ನನ್ನ ಎಸ್ರು ಬರ್ತದೆ. ಇನ್ನೊಂದು ಕಿತ ಇಂಥ ಮಾತು ಕಿವಿಗೆ ಬಿದ್ರೆ ಗಾಡಿ ಎತ್ಬುಡು."

ಶೇಖವ್ವ ತನ್ನ ಹೆತ್ತವ್ವನ ಮೇಲೆ ಆಣೆ ಮಾಡಿದಳು. ಬಾಣಲೆಯ ಕೆಳಗೆ, ಖಾನೆಯಲ್ಲಿ, ಹಿಟ್ಟಿನ ಡಬ್ಬದಲ್ಲಿ ಎಲ್ಲಿ ಬೇಕಾದರೂ ಹುಡುಕಿ, ಒಂದು ಕವರ್ ಸಿಕ್ಕರೆ ಮುಖಕ್ಕೆ ಉಗಿಯಿರಿ ಎಂದಳು. ಅವರು ಹುಡುಕಲಿಲ್ಲ. ಹುಡುಕಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು. ಹುಡುಕದೆ ತಲೆ ಆಡಿಸಿ ಹೋದವರು ಏನನ್ನು ನಂಬಿಕೊಂಡು ಹೋದರೋ ತಿಳಿಯುವುದು ಹೇಗೆ? ಆ ಸಂಜೆ ಉಳಿದ ಬಜ್ಜಿಯನ್ನು ಹಸುಗಳಿಗೆ ಹಾಕುವಾಗ ಅವಳಿಗೆ ಅಳು ಬಂತು. ಆದರೆ ಅಳುವಿನ ಹಿಂದೆಯೇ ಸಿಟ್ಟು ಬಂದು ಅಳುವನ್ನು ಓಡಿಸಿತು. ಹೀಗೆ ಪ್ಲಾಸ್ಟಿಕ್ಕಿನ ಕತೆ ಕಟ್ಟಿದವರು ಯಾರು? ಹಗಲೆಲ್ಲ ಎದುರಿಗೇ ಕೂತು ಇವಳ ಬಾಣಲೆಯನ್ನು ನೋಡುವವರು ಯಾರು?

ಮಾರನೆಯ ದಿನ ತಾಡಪಾಲು ತೆಗೆದರೆ ಅದೇ ಕಂಬಿಯಲ್ಲಿ ಇನ್ನೊಂದು ಕತ್ತರಿ. ಈ ಸಲದ್ದು ಹೊಸದು, ಕೆಂಪು ಹಿಡಿಯದು. ಬಾಳೆನಾರು ಅದೇ, ಗಂಟೂ ಅದೇ. ಎಣ್ಣೆಯ ಪ್ಯಾಕೆಟ್ಟುಗಳನ್ನು ಅವಳು ನಿಲ್ಲಿಸಿಡುವ ಜಾಗಕ್ಕೆ ಸರಿಯಾಗಿ, ಕೈ ಚಾಚಿದರೆ ಸಿಗುವ ಹಾಗೆ ನೇತು ಹಾಕಿತ್ತು.

ಯಂಕಪ್ಪ ಬೇಡ ಬೇಡ ಎನ್ನುತ್ತಿದ್ದಂತೆಯೇ ಶೇಖವ್ವ ಆ ಕತ್ತರಿಯನ್ನು ನಾರಿನ ಸಮೇತ ಕಿತ್ತುಕೊಂಡು ರಸ್ತೆ ದಾಟಿದಳು. ಶಿಫ್ಟ್ ಬಿಡುವ ಹೊತ್ತು, ಹೂವಿನ ಮುಂದೆ ಹೆಂಗಸರ ಗುಂಪು. ಎಲ್ಲರ ನಡುವೆ ಕತ್ತರಿಯನ್ನು ಅಶ್ವತ್ಥಮ್ಮನ ಸೇವಂತಿಗೆ ರಾಶಿಯ ಮೇಲೆ ಒಗೆದು, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದಳು. ಮಾಟಗಾತಿ ಎಂದಳು. ಹೂ ಕಟ್ಟುವ ಕೈಯಲ್ಲಿ ಮಂದಿಯ ಅನ್ನಕ್ಕೆ ಗಂಟು ಹಾಕುತ್ತೀಯಾ ಎಂದಳು. ನೆರಳಿನ ಜಾಗ ಬೇಕಿದ್ದರೆ ಬಾಯಿ ಬಿಟ್ಟು ಕೇಳಬೇಕಿತ್ತು, ಹೀಗೆ ಕತ್ತರಿ ಕಟ್ಟಿ, ಪ್ಲಾಸ್ಟಿಕ್ಕು ಗೀಸ್ಟಿಕ್ಕು ಎಂದು ಸುಳ್ಳು ಹಬ್ಬಿಸುವುದಲ್ಲ ಎಂದಳು.

ಅಶ್ವತ್ಥಮ್ಮ ಕಟ್ಟುತ್ತಿದ್ದ ಮಾಲೆಯನ್ನು ಬುಟ್ಟಿಗೆ ಇಳಿಬಿಟ್ಟು ತಲೆಯೆತ್ತಿದಳು. ಬಾಯಿ ತೆರೆದಳು. ಸುತ್ತ ನಿಂತಿದ್ದವರನ್ನು ಒಮ್ಮೆ ನೋಡಿದಳು, ಪ್ರಿಯಾಂಕಾಳನ್ನೂ ನೋಡಿದಳು. ಆಮೇಲೆ ಬಾಯಿ ಮುಚ್ಚಿಕೊಂಡಳು.

"ಕಟ್ಟಿದ್ದು ನಾನೇ ಕಣಮ್ಮ. ನಿನ್ನ ಕಣ್ಣಿಗೆ ಅಂಗೆ ಕಂಡ್ರೆ ಅಂಗೇ ಇರ್ಲಿ ಬುಡು," ಎಂದಷ್ಟೇ ಹೇಳಿ ಸೇವಂತಿಗೆಯ ಮೇಲಿನ ಕತ್ತರಿಯನ್ನು ಪಕ್ಕಕ್ಕಿಟ್ಟಳು.

ಒಪ್ಪಿಕೊಂಡಳು ನೋಡಿ ಎಂದು ಶೇಖವ್ವ ಗೆದ್ದವಳಂತೆ ಹಿಂತಿರುಗಿದಳು. ಆದರೆ ಗೆದ್ದ ಮೇಲೂ ಗಾಡಿಗೆ ಜನ ಬರಲಿಲ್ಲ. ಚಿಕ್ಕಬೈರಪ್ಪನವರು ಮೇಲಿನ ಬಾಲ್ಕನಿಯಿಂದ ಎಲ್ಲವನ್ನೂ ನೋಡಿದ್ದರು. ತನ್ನ ಅತ್ತಿಗೆಯನ್ನು ನಡುರಸ್ತೆಯಲ್ಲಿ ಮಾಟಗಾತಿ ಎಂದವಳನ್ನು ಅವರು ಎಷ್ಟು ದಿನ ಇಟ್ಟುಕೊಂಡಾರು? ರಾತ್ರಿಯೆಲ್ಲ ಹೊರಳಾಡಿ ಶೇಖವ್ವ ಒಂದು ತೀರ್ಮಾನಕ್ಕೆ ಬಂದಳು. ಆಡಿಕೊಳ್ಳುವವರ ಬಾಯಿ ಮುಚ್ಚಲು ಒಂದೇ ದಾರಿ. ಎಲ್ಲರನ್ನೂ ಕರೆದು, ಎಲ್ಲರ ಕಣ್ಣೆದುರಿಗೆ, ಮೊದಲಿನಿಂದ ಕೊನೆಯವರೆಗೆ ಕರಿದು ತೋರಿಸಬೇಕು. ಹಾಗೆ ತೋರಿಸಿದರೆ ಅವ್ವ ಕಲಿಸಿದ ಚಂಬಿನ ಗುಟ್ಟೂ ಹೋಗುತ್ತದೆ. ಹೋಗಲಿ, ಜಾಗ ಉಳಿದರೆ ಸಾಕು.

ಶನಿವಾರ ಸಂಜೆ ಆ ಏರ್ಪಾಡಾಯಿತು. ಯಂಕಪ್ಪ ಶೆಡ್ಡಿನ ಕೆಲಸಗಾರರನ್ನು ಕರೆದು ತಂದ. ಶೇಖವ್ವ ತಾನೇ ಹೋಗಿ ಚಿಕ್ಕಬೈರಪ್ಪನವರ ಬಾಗಿಲಲ್ಲಿ ನಿಂತು, ಬರಲೇಬೇಕೆಂದು ಕೈ ಮುಗಿದು ಬಂದಿದ್ದಳು. ರಸ್ತೆಯಲ್ಲಿ ಹೋಗುತ್ತಿದ್ದ ಪ್ರಿಯಾಂಕಾಳನ್ನೂ ಅವಳ ಗುಂಪನ್ನೂ ಬಿಡಲಿಲ್ಲ, ನೀವು ನೋಡಲೇಬೇಕು ಎಂದು ನಿಲ್ಲಿಸಿಕೊಂಡಳು. ಪುಕ್ಕಟೆ ಬಜ್ಜಿ ಎಂಬ ಸುದ್ದಿ ತಿಳಿದು ಗೊತ್ತಿಲ್ಲದವರೂ ಬಂದು ಸೇರಿದರು. ಅಶ್ವತ್ಥಮ್ಮ ಮಾತ್ರ ಎದುರಿನ ಛತ್ರಿಯ ಕೆಳಗೆ ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದಳು.

ಶೇಖವ್ವ ಅಂದು ರಸ್ತೆಗೆ ಬೆನ್ನು ಹಾಕಲಿಲ್ಲ. ಗಾಡಿಯ ಖಾನೆಗಳನ್ನೆಲ್ಲ ತೆರೆದಿಟ್ಟಳು. ಕಡಲೆಹಿಟ್ಟು ತೋರಿಸಿದಳು, ಅಕ್ಕಿಹಿಟ್ಟು ತೋರಿಸಿದಳು, ಹಿಟ್ಟಿನ ಮೇಲೆ ಒಂದು ಸೌಟು ಕಾದ ಎಣ್ಣೆ ಹಾಕಿ ಚುಂಯ್ ಅನ್ನಿಸಿದಳು. ಆಮೇಲೆ ಆ ಸಣ್ಣ ಚಂಬನ್ನು ಎತ್ತಿ ಹಿಡಿದು ಎಲ್ಲರ ಮುಖ ನೋಡಿದಳು.

"ಇದರಾಗ ಏನೈತಿ ಅಂತ ಕೇಳ್ತಿದ್ರೆಲ್ಲಾ. ಸುಣ್ಣದ ತಿಳಿ. ಎಲಿಗೆ ಹಚ್ಚೋ ಸುಣ್ಣಾ ನೀರಾಗ ಕದಡಿ ಇಟ್ಟು, ಮುಂಜಾನೆ ಮ್ಯಾಲಿನ ತಿಳಿ ತಕ್ಕೊಳ್ಳೋದು. ನಮ್ಮವ್ವ ಹಿಂಗ ಮಾಡಾಕಿ. ಭಜಿ ಗರಿಗರಿ ಆಗೋದು ಇದರಿಂದ, ಪ್ಲಾಸ್ಟಿಕ್ಕಿನಿಂದ ಅಲ್ಲ."

ಗುಂಪಿನಲ್ಲಿ ಗುಸುಗುಸು ಹುಟ್ಟಿತು. ಈ ಗುಸುಗುಸು ಬೇರೆ ಬಗೆಯದೆಂದು ಅವಳಿಗೆ ತಿಳಿಯಿತು. ಮುದುಕಿಯೊಬ್ಬಳು ಹೌದು, ಸುಣ್ಣದ ತಿಳಿ ಹಾಕಿದರೆ ಗರಿಯಾಗುತ್ತದೆ, ನಮ್ಮ ಕಡೆಯೂ ಹಪ್ಪಳಕ್ಕೆ ಹಾಕುತ್ತಿದ್ದರು ಎಂದಳು. ಮೊದಲ ಸಲದ ಬಜ್ಜಿ ಮೇಲೆದ್ದಿತು. ಚಿಕ್ಕಬೈರಪ್ಪನವರು ಒಂದನ್ನು ಮುರಿದು ಬಾಯಿಗಿಟ್ಟರು. ಕರುಂ ಎಂದ ಸದ್ದು ಪಕ್ಕದವರಿಗೂ ಕೇಳಿಸಿತು. ಅವರ ಮುಖ ಸಡಿಲವಾದದ್ದನ್ನು ಶೇಖವ್ವ ಕಂಡಳು. ಆ ಕ್ಷಣ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಬಂದ ದಿನದಿಂದ ಈ ಊರಿನಲ್ಲಿ ಅಷ್ಟು ಜನ ಒಟ್ಟಿಗೆ ಅವಳ ಮಾತನ್ನು ಯಾವತ್ತೂ ಕೇಳಿರಲಿಲ್ಲ.

ಎರಡನೆಯ ಸಲಕ್ಕೆ ಎಣ್ಣೆ ಸಾಲದಾಯಿತು. ಅವಳು ಕಂಬಿಯ ಪಕ್ಕದಿಂದ ಹೊಸ ಪ್ಯಾಕೆಟ್ ಎತ್ತಿಕೊಂಡಳು. ಕೈಯೆಲ್ಲ ಹಿಟ್ಟು, ಹರಿಯಲು ಹೋದರೆ ಜಾರುತ್ತದೆ. ಅದಕ್ಕೆ ಅವಳು ಎಂದಿನಂತೆ ಮಾಡುವುದನ್ನೇ ಮಾಡಿದಳು. ಮಾಡುತ್ತ ಮಾಡುತ್ತ, ಹುಮ್ಮಸ್ಸಿನಲ್ಲಿ, ಅದನ್ನೂ ದೊಡ್ಡ ದನಿಯಲ್ಲಿ ಹೇಳಿಕೊಂಡಳು.

"ಇದನ್ನೂ ನೋಡ್ರಿ. ಬ್ಯಾರೇದವರಂಗ ಹಲ್ಲಿಲೆ ಕಡದು ಎಂಜಲಾ ಮಾಡಂಗಿಲ್ಲ ನಾ."

ಹೀಗೆನ್ನುತ್ತ ಪ್ಯಾಕೆಟ್ಟಿನ ಮೂಲೆಯನ್ನು ಕುದಿಯುವ ಎಣ್ಣೆಗೆ ತಾಕಿಸಿದಳು. ಮೂಲೆ ಮುದುಡಿ, ಕರಗಿ, ತೂತಾಗಿ, ಅದರಿಂದ ಎಣ್ಣೆ ಸಣ್ಣ ಧಾರೆಯಾಗಿ ಬಾಣಲೆಗೆ ಇಳಿಯಿತು.

ಸುಟ್ಟ ವಾಸನೆ ಒಂದಿಷ್ಟು ಗಾಳಿಯಲ್ಲಿ ಎದ್ದು ಹೋಯಿತು. ತಿನ್ನುತ್ತಿದ್ದವರ ದವಡೆ ನಿಂತಿತು. ಏನಾಯಿತೆಂದು ಶೇಖವ್ವನಿಗೆ ತಿಳಿಯಲೇ ಇಲ್ಲ. ಯಾರಾದರೂ ಹಿಂದೆ ಬಂದು ನಿಂತರೇ ಎಂದು ತಿರುಗಿ ನೋಡಿದಳು. ಪ್ರಿಯಾಂಕಾ ಒಂದು ಹೆಜ್ಜೆ ಮುಂದೆ ಬಂದಳು. ಆ ಹುಡುಗಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು.

"ಅಕ್ಕ, ನಾನು ನೋಡಿದ್ದು ಇದನ್ನೇ. ನೀವು ಕವರ್ ಹಾಕ್ತೀರ ಅಂತ ನಾನು ಯಾರ ಹತ್ರನೂ ಹೇಳಿಲ್ಲ. ಪ್ಯಾಕೆಟ್ ಎಣ್ಣೆಗೆ ಅದ್ದಿ ಓಪನ್ ಮಾಡ್ತೀರ, ಅದು ಕರಗಿ ಒಳಗೆ ಬೀಳತ್ತೆ ಅಂದೆ ಅಷ್ಟೇ. ಆಮೇಲೆ ಒಬ್ಬರಿಂದ ಒಬ್ಬರಿಗೆ ಹೋಗ್ತಾ ಏನೇನೋ ಆಯ್ತು."

ಎಲ್ಲರೂ ಹೀಗೇ ಮಾಡುತ್ತಾರೆ ಎಂದು ಶೇಖವ್ವ ಹೇಳಹೊರಟಳು. ಕಟ್ಟಡದ ಕೆಲಸವಿದ್ದಾಗ, ನೂರಾರು ಆಳಿಗೆ ಅಡಿಗೆ ಮಾಡುವ ಗಡಿಬಿಡಿಯಲ್ಲಿ ಕಲಿತದ್ದು ಇದು. ಎಂಜಲಿಲ್ಲ, ಚಾಕು ಹುಡುಕುವ ತಾಪತ್ರಯವಿಲ್ಲ. ಇದಕ್ಕಿಂತ ಮಡಿ ಯಾವುದಿದೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಮಾತು ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಕೈಯಲ್ಲಿದ್ದ ಪ್ಯಾಕೆಟ್ಟನ್ನು ಮೊದಲ ಬಾರಿಗೆ ನೋಡಿದಳು. ಮೂಲೆಯೇ ಇರಲಿಲ್ಲ. ಸುಟ್ಟು ಮುದುಡಿದ ಅಂಚು ಮಾತ್ರ ಉಳಿದಿತ್ತು. ಇಲ್ಲದ ಆ ಚೂರು ಎಲ್ಲಿ ಹೋಯಿತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಒಂದು ಕವರನ್ನೂ ಹಾಕಿಲ್ಲವೆಂದು ಹೆತ್ತವ್ವನ ಮೇಲೆ ಆಣೆ ಮಾಡಿದ್ದಳು. ದಿನವೂ ಒಂದೊಂದು ಮೂಲೆಯನ್ನು ಹಾಕುತ್ತಲೇ ಇದ್ದಳು.

ಚಿಕ್ಕಬೈರಪ್ಪನವರು ಕೈಯಲ್ಲಿದ್ದ ಅರ್ಧ ಬಜ್ಜಿಯನ್ನು ಮೆಲ್ಲಗೆ ಗಾಡಿಯ ಅಂಚಿಗಿಟ್ಟು ಪಂಚೆಗೆ ಕೈ ಒರಸಿಕೊಂಡರು.

"ನಾಳೆಯಿಂದ ಬ್ಯಾಡ ಕಣಮ್ಮ," ಎಂದರು. ಬೈಯಲಿಲ್ಲ, ದನಿ ಏರಿಸಲಿಲ್ಲ. ಬೈದಿದ್ದರೆ ಅವಳಿಗೆ ಎದುರು ಮಾತಾಡಲು ಬರುತ್ತಿತ್ತು.

ಜನ ಚದುರಿದರು. ಯಂಕಪ್ಪ ಕುಂಟುತ್ತ ಸಿಲಿಂಡರಿನ ವಾಲ್ವ್ ಮುಚ್ಚಿದ. ಶೇಖವ್ವ ಗಾಡಿಯ ಕಂಬಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಬೆರಳಿಗೆ ಏನೋ ತಾಕಿತು. ಅಂದು ಕಿತ್ತುಕೊಂಡಾಗ ಹರಿದು ಉಳಿದಿದ್ದ ಬಾಳೆನಾರಿನ ಎಳೆ ಇನ್ನೂ ಕಂಬಿಗೆ ಸುತ್ತಿಕೊಂಡಿತ್ತು, ಪ್ಯಾಕೆಟ್ ಇಡುವ ಜಾಗಕ್ಕೆ ಸರಿಯಾಗಿ, ಕೈ ಚಾಚಿದರೆ ಸಿಗುವ ಹಾಗೆ.

ಆಗ ಅವಳಿಗೆ ತಿಳಿಯಿತು. ಒಂದೊಂದಾಗಿ ಅಲ್ಲ, ಎಲ್ಲವೂ ಒಮ್ಮೆಗೇ ತಿಳಿಯಿತು. ಹಗಲೆಲ್ಲ ಎದುರಿಗೆ ಕೂತವಳು ಪ್ಯಾಕೆಟ್ ಅದ್ದುವುದನ್ನು ಕಂಡಿದ್ದಾಳೆ. ಮಾತು ಬಿಟ್ಟವಳಿಗೆ ಹೋಗಿ ಹೇಳುವುದು ಹೇಗೆ? ಹೇಳಿದರೆ ಇವಳು ಕೇಳುವವಳೇ? ತನ್ನ ಹೂವಿನ ಕತ್ತರಿಯನ್ನೇ, ಆಯುಧಪೂಜೆಯ ಕುಂಕುಮ ಇನ್ನೂ ಇದ್ದದ್ದನ್ನು, ತಂದು ಕಟ್ಟಿದ್ದಾಳೆ. ಕೈಗೆ ಕೊಟ್ಟರೆ ಜಗಳ ಹತ್ತುತ್ತದೆಂದು ಕೈಗೆ ಕೊಡದೆ ಕಂಬಿಗೆ ಕಟ್ಟಿದ್ದಾಳೆ. ಇದ್ದ ಜಗಳವೇ ಸಾಕು, ಇನ್ನೊಂದು ಬೇಡವೆಂದು ಕಟ್ಟಿದ್ದಾಳೆ. ಅದು ಮೋರಿಗೆ ಬಿದ್ದ ಮೇಲೆ ಹೊಸದೊಂದನ್ನು ಕೊಂಡು ತಂದು ಕಟ್ಟಿದ್ದಾಳೆ. ಅದೇ ಪದ್ಧತಿ ಶೇಖವ್ವನಿಗೂ ಗೊತ್ತಿತ್ತು, ಅಂದು ಗಂಡನನ್ನು ಬೈದದ್ದೂ ಅದಕ್ಕೇ. ಗೊತ್ತಿದ್ದೂ ಅವಳು ಮಾಟವನ್ನೇ ಕಂಡಳು.

ಇನ್ನೊಂದು ಸಂಗತಿ ಎಲ್ಲಕ್ಕಿಂತ ಆಳಕ್ಕೆ ಚುಚ್ಚಿತು. ಅಂದು ಅಷ್ಟು ಹೆಂಗಸರ ನಡುವೆ ಮಾಟಗಾತಿ ಅನ್ನಿಸಿಕೊಂಡಾಗ ಅಶ್ವತ್ಥಮ್ಮ ಬಾಯಿ ತೆರೆದು ಮುಚ್ಚಿಕೊಂಡಿದ್ದಳು. ಕತ್ತರಿ ಯಾಕೆ ಕಟ್ಟಿದೆನೆಂದು ಹೇಳಿದ್ದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ಶೇಖವ್ವನ ಗಿರಾಕಿಗಳ ಮುಂದೆಯೇ ಶೇಖವ್ವನ ಬಾಣಲೆಯ ಸಂಗತಿ ಬಯಲಾಗುತ್ತಿತ್ತು. ಅದಕ್ಕೇ ಸುಮ್ಮನಾಗಿ ಆ ಹೆಸರನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು. ಬಯಲು ಮಾಡುವ ಕೆಲಸವನ್ನು ಕೊನೆಗೆ ಶೇಖವ್ವ ತನ್ನ ಕೈಯಾರೆ, ಜನ ಸೇರಿಸಿ, ಪುಕ್ಕಟೆ ಬಜ್ಜಿ ಹಂಚಿ ಮಾಡಿಕೊಂಡಳು. ಅವಳಿಗೆ ನಾಚಿಕೆಯಾಯಿತು. ಬದುಕಿನಲ್ಲಿ ಅಷ್ಟು ನಾಚಿಕೆ ಅವಳಿಗೆ ಎಂದೂ ಆಗಿರಲಿಲ್ಲ.

ಎಣ್ಣೆ ಆರಿದ ಮೇಲೆ ಅದನ್ನು ಡಬ್ಬಕ್ಕೆ ಸುರಿದು, ಯಂಕಪ್ಪ ಗಾಡಿಯನ್ನು ಮರದಡಿಯಿಂದ ಹೊರಗೆ ತಳ್ಳುತ್ತಿದ್ದಾಗ, ಅವಳು ಸೆರಗಿನಿಂದ ಕೈ ಒರಸಿಕೊಂಡು ರಸ್ತೆ ದಾಟಿದಳು. ಅಶ್ವತ್ಥಮ್ಮ ಉಳಿದ ಹೂವಿಗೆ ಒದ್ದೆ ಬಟ್ಟೆ ಮುಚ್ಚುತ್ತಿದ್ದಳು. ಮುಂದೆ ಬಂದು ನಿಂತವಳನ್ನು ನೋಡಿದಳು. ಶೇಖವ್ವ ಕ್ಷಮಿಸಿ ಎನ್ನಬೇಕೆಂದಿದ್ದಳು. ಅಷ್ಟು ದೊಡ್ಡ ಮಾತು ಅವಳ ಬಾಯಿಗೆ ಬರಲಿಲ್ಲ.

"ಆ ಕತ್ತರಿ ಐತೇನ್ರಿ ಅಕ್ಕಾರ? ಗಾಡಿ ಎಲ್ಲಿ ನಿಂತ್ರೂ ಅದು ಬೇಕಾಗತೈತಿ," ಎಂದಳು.

ಅಶ್ವತ್ಥಮ್ಮ ಬುಟ್ಟಿಯ ಅಡಿಯಲ್ಲಿ ತಡಕಾಡಿದಳು. ಕೆಂಪು ಹಿಡಿಯ ಕತ್ತರಿ ಅಲ್ಲೇ ಇತ್ತು, ತೊಳೆದು ಒರಸಿ ಇಟ್ಟಿದ್ದಳು. ತೆಗೆದು ಇಬ್ಬರ ನಡುವಿನ ಗೋಣಿಚೀಲದ ಮೇಲೆ ಇಟ್ಟು, ತಗೋ ಎಂಬಂತೆ ಗದ್ದ ತೋರಿಸಿದಳು. ಮುಖದ ಗಂಟು ಬಿಚ್ಚಿರಲಿಲ್ಲ. ಮಾಟಗಾತಿ ಎಂಬ ಮಾತು ಅಷ್ಟು ಬೇಗ ಮರೆಯುವಂಥದ್ದಲ್ಲ.

ಶೇಖವ್ವ ಬಗ್ಗಲಿಲ್ಲ. ಹಿಟ್ಟು ಒಣಗಿದ ಅಂಗೈಯನ್ನು ಮುಂದೆ ಚಾಚಿದಳು.

"ಕೆಳಗಿಡಬ್ಯಾಡ್ರಿ. ಆಗೋ ಜಗಳ ಎಲ್ಲಾ ಆಗಿ ಹೋಗೇತಿ. ಕೈಗೇ ಕೊಡ್ರಿ."

ಅಶ್ವತ್ಥಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಕತ್ತರಿಯನ್ನು ಮತ್ತೆ ಎತ್ತಿಕೊಂಡು, ಹಿಡಿಯ ಕಡೆ ಅವಳಿಗೆ ಬರುವ ಹಾಗೆ ತಿರುಗಿಸಿ, ಅಂಗೈಯಲ್ಲಿಟ್ಟಳು.